ನೆಲ ಹಿಡಿದ ಹಸುವಿಗೆ ಕ್ಯಾಲ್ಸಿಯಂ

ಹಸುವಿಗೆ ಬರುವ ಹಾಲುಜ್ವರದಲ್ಲಿ ಜ್ವರವೇ ಇರುವುದಿಲ್ಲ. ದನದ ಡಾಕ್ಟರ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಕಿವಿ ಮುಟ್ಟಿದರೆ ತಣ್ಣಗಿರುತ್ತದೆ, ಮೂಗು ಒಣಗಿರುತ್ತದೆ. ಕರು ಹಾಕಿ ಒಂದೆರಡು ದಿನವಾಗಿರುತ್ತದೆ. ಬೆಳಿಗ್ಗೆ ತಡವರಿಸುತ್ತಾ ಓಡಾಡುತ್ತಿದ್ದ ಹಸು ಮಧ್ಯಾಹ್ನದ ಹೊತ್ತಿಗೆ ನೆಲ ಹಿಡಿದು, ಕತ್ತನ್ನು ಪಕ್ಕೆಯ ಕಡೆ ತಿರುಗಿಸಿಕೊಂಡು ಮಲಗಿಬಿಡುತ್ತದೆ. ಕೂಗಿದರೂ ತಿರುಗಿ ನೋಡುವುದಿಲ್ಲ. ಹಾಗೇ ಬಿಟ್ಟರೆ ಸಾಯುತ್ತದೆ. ರಕ್ತದಲ್ಲಿರುವ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಹಾಲಿನ ಜೊತೆ ಹೊರಟುಹೋಗಿರುತ್ತದೆ. ಮೂಳೆಯಿಂದ ಹೊಸದು ಇಳಿದು ಬರುವಷ್ಟರಲ್ಲಿ ತಡವಾಗಿರುತ್ತದೆ.

ನಾನು ಕೆಲಸಕ್ಕೆ ಸೇರಿದ್ದು ಐವತ್ತರ ದಶಕದಲ್ಲಿ. ಚಿಂತಾಮಣಿ, ಗೌರಿಬಿದನೂರು, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಇಷ್ಟರಲ್ಲೇ ನನ್ನ ಹೆಚ್ಚಿನ ಸರ್ವೀಸು ಮುಗಿಯಿತು. ಆಗ ಇವೆಲ್ಲ ಕೋಲಾರ ಜಿಲ್ಲೆಗೆ ಸೇರಿದ್ದವು. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದರಿಂದ ಯಾರಿಗೂ ಉಪಯೋಗವಿಲ್ಲ. ಕ್ಯಾಲ್ಸಿಯಂ ವಿಷಯ ಮಾತ್ರ ಬರೆಯುತ್ತೇನೆ. ನನಗೆ ಅತಿ ಹೆಚ್ಚು ಕಲಿಸಿದ್ದು ಅದು.

ನಾನು ಬಂದ ಹೊಸದರಲ್ಲಿ ನಮ್ಮ ಕಡೆ ಹಾಲುಜ್ವರ ಅಪರೂಪ. ನಾಟಿ ಹಸುಗಳು ಕೊಡುತ್ತಿದ್ದ ಹಾಲು ಕರುವಿಗೆ ಸಾಕಾಗಿ ಮನೆಯ ಕಾಫಿಗೆ ಉಳಿದರೆ ಹೆಚ್ಚು. ಅಷ್ಟು ಕಡಿಮೆ ಹಾಲಿಗೆ ರಕ್ತ ಬರಿದಾಗುವುದಿಲ್ಲ. ಅನುಕೂಲವಿದ್ದ ಮನೆಯವರು ಹೆಚ್ಚು ಹಾಲು ಕೊಡುವ ಸಿಂಧಿ ತಳಿಯ ಹಸುಗಳನ್ನು ತಂದು ಕಟ್ಟತೊಡಗಿದ ಮೇಲೆ ಈ ಕಾಯಿಲೆಯೂ ಅವುಗಳ ಹಿಂದೆಯೇ ಬಂತು.

ಮೊದಲನೆಯದನ್ನು ನೋಡಿದ್ದು ಚಿಂತಾಮಣಿ ಹತ್ತಿರದ ಒಂದು ಹಳ್ಳಿಯಲ್ಲಿ, ವೆಂಕಟರೆಡ್ಡಿ ಎಂಬುವರ ಕೊಟ್ಟಿಗೆಯಲ್ಲಿ. ಕೆಂಪು ಸಿಂಧಿ, ನಾಲ್ಕನೇ ಕರು. ಹಾವು ಕಚ್ಚಿದೆ ಅಂತ ಯಾರೋ ಹೇಳಿ, ಇನ್ನು ಯಾರೋ ಮಂತ್ರ ಹಾಕಿ, ಕೊನೆಗೆ ನನಗೆ ಹೇಳಿಕಳಿಸಿದ್ದರು. ಕಾಯಿಲೆ ಯಾವುದೆಂದು ನನಗೆ ನೋಡಿದ ಕೂಡಲೇ ತಿಳಿಯಿತು. ಆದರೆ ಕೈಯಲ್ಲಿ ಔಷಧವಿರಲಿಲ್ಲ. ಕ್ಯಾಲ್ಸಿಯಂ ಬಾಟ್ಲಿಗಳನ್ನು ಕಳಿಸಿ ಅಂತ ನಾನು ಬರೆದದ್ದಕ್ಕೆ ಆಫೀಸಿನಿಂದ ಉತ್ತರವೇ ಬಂದಿರಲಿಲ್ಲ.

ಅದೃಷ್ಟಕ್ಕೆ ಆವತ್ತು ನಮ್ಮ ಮೇಲಧಿಕಾರಿ ಶ್ರೀಕಂಠಯ್ಯನವರು ಚಿಂತಾಮಣಿಗೆ ಬಂದಿದ್ದರು. ಅವರನ್ನು ಊರವರು ದೊಡ್ಡ ಡಾಕ್ಟರು ಅನ್ನುತ್ತಿದ್ದರು. ಯುದ್ಧದ ಕಾಲದಲ್ಲಿ ಮಿಲಿಟರಿಯ ಹೇಸರಗತ್ತೆಗಳನ್ನು ನೋಡಿಕೊಂಡಿದ್ದವರು. ಎತ್ತರದ ಆಳು, ಗಟ್ಟಿ ದನಿ, ಖಾಕಿ ಟೋಪಿ. ಮೀಸೆಯ ಎರಡು ತುದಿಯನ್ನೂ ಸಮ ಮಾಡಿಕೊಂಡೇ ಮಾತು ಶುರುಮಾಡುತ್ತಿದ್ದರು. ನನ್ನ ಜೊತೆ ಕೊಟ್ಟಿಗೆಗೆ ಬಂದರು, ಹಸುವಿನ ಕಿವಿ ಮುಟ್ಟಿದರು.

"ಏನಯ್ಯಾ, ಕೈ ಕಟ್ಕೊಂಡು ನಿಂತಿದೀಯ?"

"ಕ್ಯಾಲ್ಸಿಯಂ ಇಲ್ಲ ಸಾರ್."

"ಕ್ಯಾಲ್ಸಿಯಂ ಇಲ್ದೇ ಇದ್ದ ಕಾಲದಲ್ಲಿ ನಾವೇನು ಹಸುಗಳನ್ನ ಹೂತು ಬರ್ತಿದ್ವಾ? ಯಾರ ಹತ್ರ ಸೈಕಲ್ ಪಂಪ್ ಇದೆ, ತರ್ಸು."

ಪಂಪು ಬಂತು. ಅದರ ತುದಿಗೆ ಅವರು ತಮ್ಮ ಚೀಲದಲ್ಲಿದ್ದ ಸಣ್ಣ ಕೊಳವೆಯನ್ನು ಕುದಿಸಿ ತೊಳೆದು ಸಿಕ್ಕಿಸಿ, ಒಂದೊಂದು ಮೊಲೆಯ ಮೂಲಕವೂ ಕೆಚ್ಚಲಿಗೆ ಗಾಳಿ ತುಂಬಿದರು. ಕೆಚ್ಚಲು ತಮಟೆಯ ಹಾಗೆ ಬಿಗಿಯಾಯಿತು. ಮೊಲೆಗಳನ್ನು ಬಟ್ಟೆಯ ಪಟ್ಟಿಯಿಂದ ಕಟ್ಟಿದರು. ನೋಡುತ್ತಿದ್ದ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ನನಗೂ ನಂಬಿಕೆ ಇರಲಿಲ್ಲ. ಆದರೆ ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಹಸು ಮುಂಗಾಲು ಮಡಚಿ, ಹಿಂಗಾಲು ಎತ್ತಿ, ಒಂದು ಸಲ ಬಿದ್ದು, ಮತ್ತೆ ಎದ್ದು ನಿಂತಿತು. "ಲೇಸಿಂದಿ, ಲೇಸಿಂದಿ!" ಎದ್ದಿತು ಅಂತ ವೆಂಕಟರೆಡ್ಡಿಯವರ ತಾಯಿ ತೆಲುಗಿನಲ್ಲಿ ಕೂಗುತ್ತಾ ಬೀದಿಗೆ ಓಡಿದರು.

ಇದರಲ್ಲಿ ಮಾಯಮಂತ್ರವೇನೂ ಇಲ್ಲ. ಕೆಚ್ಚಲೊಳಗೆ ಗಾಳಿ ಒತ್ತಿದರೆ ಹೊಸ ಹಾಲು ಊರುವುದು ನಿಲ್ಲುತ್ತದೆ. ಹಾಲು ನಿಂತರೆ ಕ್ಯಾಲ್ಸಿಯಂ ಹೊರಗೆ ಹೋಗುವುದೂ ನಿಲ್ಲುತ್ತದೆ, ರಕ್ತ ನಿಧಾನವಾಗಿ ತನ್ನ ಮಟ್ಟಕ್ಕೆ ಬರುತ್ತದೆ. ಪಂಪಿನ ಕಾಲದಲ್ಲಿ ಉಳಿದ ಹಸುಗಳು ಬಹಳ. ಆದರೆ ಕೊಳವೆಯ ಜೊತೆ ಕೊಳೆಯೂ ಒಳಗೆ ಹೋಗಿ, ಎಷ್ಟೋ ಹಸುಗಳಿಗೆ ಕೆಚ್ಚಲುಬಾವು ಬಂದು ಒಂದೆರಡು ಮೊಲೆ ಬತ್ತಿಹೋಗುತ್ತಿತ್ತು. ವೆಂಕಟರೆಡ್ಡಿಯವರ ಹಸುವಿಗೂ ಒಂದು ಮೊಲೆ ಹೋಯಿತು. ಅವರು ಅದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ.

ಕೆಲವು ತಿಂಗಳ ಮೇಲೆ ಬಾಟ್ಲಿಗಳು ಬಂದವು. ಗಾಜಿನ ಬಾಟ್ಲಿ, ಉದ್ದನೆಯ ರಬ್ಬರು ಕೊಳವೆ, ತುದಿಗೆ ದಪ್ಪ ಸೂಜಿ. ಬಾಟ್ಲಿಯನ್ನು ಬಿಸಿನೀರಿನಲ್ಲಿಟ್ಟು ಉಗುರುಬೆಚ್ಚಗೆ ಮಾಡಿ, ಸೂಜಿಯನ್ನು ಹಸುವಿನ ಕತ್ತಿನ ರಕ್ತನಾಳಕ್ಕೆ ಹಾಕಿ, ಬಾಟ್ಲಿ ತಲೆಕೆಳಗು ಮಾಡಿ ಹಿಡಿಯಬೇಕು. ಮೇಲೆ ಹಿಡಿದರೆ ಔಷಧ ಬೇಗ ಇಳಿಯುತ್ತದೆ, ಕೆಳಗೆ ಹಿಡಿದರೆ ನಿಧಾನ. ಬಾಟ್ಲಿ ಅರ್ಧ ಇಳಿಯುವಷ್ಟರಲ್ಲಿ ಹಸು ತೇಗುತ್ತದೆ. ಒಣಗಿದ ಮೂಗಿನ ಮೇಲೆ ಬೆವರಿನ ಹನಿ ಮೂಡುತ್ತದೆ. ತೊಡೆ ನಡುಗುತ್ತದೆ, ಸಗಣಿ ಹಾಕುತ್ತದೆ. ಆಮೇಲೆ ಏನೂ ಆಗೇ ಇಲ್ಲವೆಂಬಂತೆ ಎದ್ದು ಕರುವನ್ನು ನೆಕ್ಕುತ್ತದೆ. ನಮ್ಮ ವೃತ್ತಿಯಲ್ಲಿ ಇಷ್ಟು ಕಣ್ಣೆದುರಿಗೆ ಫಲ ತೋರಿಸುವ ಔಷಧ ಇನ್ನೊಂದಿಲ್ಲ. ಅದೇ ಅದರ ಅಪಾಯ ಕೂಡ.

ಬೇಗ ಕೊಡಬಾರದು ಎಂಬುದು ನನಗೆ ಕಾಲೇಜಿನಲ್ಲೇ ಮನಸ್ಸಿಗೆ ಹತ್ತಿತ್ತು. ಮದರಾಸಿನಲ್ಲಿ ಓದುವಾಗ ಕಪ್ಪೆಯ ಹೃದಯವನ್ನು ಹೊರತೆಗೆದು ಉಪ್ಪುನೀರಿನಲ್ಲಿ ಇಡಿಸುತ್ತಿದ್ದರು. ಬರೀ ಉಪ್ಪುನೀರಾದರೆ ಬಡಿತ ಸೋತು ಸೋತು ನಿಂತುಬಿಡುತ್ತಿತ್ತು. ಒಂದು ಹನಿ ಕ್ಯಾಲ್ಸಿಯಂ ಹಾಕಿದರೆ ಮತ್ತೆ ಶುರು. ಹನಿ ಹೆಚ್ಚಾಯಿತೋ, ಹೃದಯ ಬಿಗಿಹಿಡಿದು ಗಂಟಿನ ಹಾಗೆ ಆಗಿ ನಿಲ್ಲುತ್ತಿತ್ತು. ಆದರೆ ಅದೇ ಕಪ್ಪೆಯ ಕಾಲಿನ ಮಾಂಸಖಂಡವನ್ನು ಕ್ಯಾಲ್ಸಿಯಂ ಇಲ್ಲದ ನೀರಿನಲ್ಲಿಟ್ಟು ವಿದ್ಯುತ್ ಮುಟ್ಟಿಸಿದರೆ ಅದು ಬಹಳ ಹೊತ್ತು ಒದೆಯುತ್ತಲೇ ಇರುತ್ತಿತ್ತು. ಯಾಕೆ ಅಂತ ನಾನು ಕೇಳಿದ್ದಕ್ಕೆ ನಮ್ಮ ಮೇಷ್ಟ್ರು, "ಪರೀಕ್ಷೆಗೆ ಅದು ಬರಲ್ಲ" ಅಂದರು.

ಗೌರಿಬಿದನೂರಿಗೆ ವರ್ಗವಾದ ಮೇಲೆ ಅಲೀಪುರದಿಂದ ಒಂದು ಕರೆ ಬಂತು. ಸಕೀನಾ ಬೀ ಎಂಬ ವಯಸ್ಸಾದ ಹೆಂಗಸಿನ ಮನೆ. ಎಮ್ಮೆ ಕರು ಹಾಕಿ ಕಸ, ಅಂದರೆ ಮಾಸು, ಬಿದ್ದಿರಲಿಲ್ಲ. ಆ ಕೆಲಸ ಮುಗಿಸಿ ಕೈ ತೊಳೆಯುತ್ತಿದ್ದೆ. ಸಕೀನಾ ಬೀ ನೀರು ಹಾಕುತ್ತಾ ಹಾಕುತ್ತಾ ಮೆಲ್ಲಗೆ ಅಂದರು:

"ಡಾಕ್ಟರ್ ಸಾಹೇಬ್ರೆ, ನಿಮ್ಮನ್ನ ಕೇಳಬಾರದು. ನನ್ನ ಸೊಸೆ ಜೈನಬ್‌ಗೆ ಬೆಳಿಗ್ಗೆಯಿಂದ ಕೈ ಸೆಟೆದುಕೊಂಡಿದೆ. ಗಾಳಿ ಸೋಕಿದೆ ಅಂತಾರೆ. ಮಗ ಊರಲ್ಲಿಲ್ಲ, ವ್ಯಾಪಾರಕ್ಕೆ ಹೋಗಿದಾನೆ."

"ನಾನು ದನದ ಡಾಕ್ಟರಮ್ಮ."

"ಗೊತ್ತು. ಆದ್ರೂ ಒಂದು ಸಲ ನೋಡಿ ಬಾಬಾ."

ಒಳಮನೆಯ ಪರದೆಯ ಸಂದಿಯಿಂದ ಒಂದು ಕೈ ಹೊರಗೆ ಬಂತು. ಆ ಹುಡುಗಿಯ ಮುಖವನ್ನು ನಾನು ಆವತ್ತೂ ನೋಡಲಿಲ್ಲ, ಆಮೇಲೂ ನೋಡಲಿಲ್ಲ. ಕೈ ಮಾತ್ರ ಮರೆಯಲಾರೆ. ಮಣಿಕಟ್ಟು ಬಾಗಿ, ನಾಲ್ಕು ಬೆರಳೂ ತುದಿಯಲ್ಲಿ ಕೂಡಿಕೊಂಡು, ಹೆಬ್ಬೆರಳು ಅಂಗೈಯೊಳಗೆ ಸೇರಿ ಮೊಗ್ಗಿನ ಹಾಗೆ ಬಿಗಿದಿತ್ತು. ಹಸುವಿಗೆ ಹೆರಿಗೆ ಮಾಡಿಸಲು ಒಳಗೆ ತೂರಿಸುವಾಗ ನಾವು ಕೈಯನ್ನು ಹಾಗೇ ಮಾಡಿಕೊಳ್ಳುತ್ತೇವೆ. ನಾನು ಆಗತಾನೇ ಎಮ್ಮೆಗೆ ಹಾಗೆ ಮಾಡಿ ಬಂದಿದ್ದೆ.

"ಮಗುಗೆ ಹಾಲು ಕುಡಿಸ್ತಾ ಇದಾಳಾ?" ಎಂದು ಕೇಳಿದೆ.

"ಹೌದು. ಮೊದಲನೇದು ಹಾಲು ಬಿಡೋಕೆ ಮುಂಚೆನೇ ಎರಡನೇದು ಬಂತು. ಇವಳಿಗೆ ಊಟಾನೇ ಸೇರಲ್ಲ."

ಮರಿ ಹಾಕಿ ಹಾಲೂಡಿಸುವ ನಾಯಿಗಳು ಹೀಗೆ ಸೆಟೆದುಕೊಳ್ಳುವುದನ್ನು ನೋಡಿದ್ದೆ. ಅದೂ ಕ್ಯಾಲ್ಸಿಯಂ ಕಡಿಮೆಯಾಗಿಯೇ. ನನಗೆ ಕಾಯಿಲೆ ಗೊತ್ತಾಯಿತು, ಗೊತ್ತಾದದ್ದು ಭಯವನ್ನೂ ತಂದಿತು. ಯಾಕೆಂದರೆ ಪರದೆಯ ಹಿಂದಿನಿಂದ, ಅವಳು ಉಸಿರು ಎಳೆಯುವಾಗ, ಕೋಳಿ ಕೂಗಿದ ಹಾಗೆ ಒಂದು ಸದ್ದು ಕೇಳಿಸತೊಡಗಿತ್ತು. ಕೈ ಬಿಗಿದ ಹಾಗೆ ಗಂಟಲೂ ಬಿಗಿಯುತ್ತಿತ್ತು. "ಈಗಲೇ ಗೌರಿಬಿದನೂರು ಆಸ್ಪತ್ರೆಗೆ ಹೊರಡಿಸಿ. ನಾನೂ ಬರ್ತೀನಿ" ಅಂದೆ.

ಜಟಕಾದಲ್ಲಿ ತೊಂಡೇಬಾವಿ ಸ್ಟೇಷನ್ನಿಗೆ ಬಂದೆವು. ಗಾಡಿ ಬಂದಿರಲಿಲ್ಲ. ಪ್ಲಾಟ್‌ಫಾರಂ ಮೇಲೆ ಬುರ್ಖಾದೊಳಗೆ ಆ ಹುಡುಗಿ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಕೂಗುವ ಸದ್ದು ಹೆಚ್ಚಾಗುತ್ತಾ ಬಂತು. ಸಕೀನಾ ಬೀ ನನ್ನ ಚೀಲದ ಕಡೆ ನೋಡಿದರು. ಅದರೊಳಗೆ ಇದಕ್ಕೇ ಆಗುವ ಕ್ಯಾಲ್ಸಿಯಂ ಬಾಟ್ಲಿ ಇರುವುದನ್ನು ನಾನೇ ಜಟಕಾದಲ್ಲಿ ಮಾತಿಗೆ ಹೇಳಿಬಿಟ್ಟಿದ್ದೆ.

"ಔಷಧ ನಿಮ್ಮ ಹತ್ರಾನೇ ಇದೆಯಲ್ಲ ಬಾಬಾ. ಸೂಜಿ ಹಾಕಿ."

"ಅದು ಹಸೂಗೆ ಮಾಡಿರೋದು ತಾಯಿ. ಒಂದು ಹಸುವಿನ ತೂಕ ಎಷ್ಟು, ಇವರ ತೂಕ ಎಷ್ಟು. ಸ್ವಲ್ಪ ಹೆಚ್ಚಾದ್ರೆ ಎದೆ ನಿಂತುಹೋಗುತ್ತೆ."

"ಗಾಡಿ ಬರದೇ ಇದ್ರೆ?"

ನಾನು ಎದ್ದೆ. ಸ್ಟೇಷನ್ ಮಾಸ್ಟರ್ ಹತ್ತಿರ ಹೋಗಿ ಕೇಳಿದೆ. ಹಿಂದಿನ ಸ್ಟೇಷನ್ ಬಿಟ್ಟಿದೆ ಅಂದರು. ತಿರುಗಿ ಬಂದು ಚೀಲದ ಬಕಲ್ ಮೇಲೆ ಕೈಯಿಟ್ಟುಕೊಂಡು ಕೂತೆ. ಗಾಡಿ ಬರದಿದ್ದರೆ ನಾನು ಬಾಟ್ಲಿ ತೆಗೆಯುತ್ತಿದ್ದೆನೋ ಇಲ್ಲವೋ, ಇವತ್ತಿಗೂ ಹೇಳಲಾರೆ. ಗಾಡಿ ಬಂತು.

ಆಸ್ಪತ್ರೆಯಲ್ಲಿದ್ದ ಲೇಡಿ ಡಾಕ್ಟರು ಆ ಕೈ ನೋಡಿದ ಕೂಡಲೇ ನರ್ಸಿಗೆ ಕ್ಯಾಲ್ಸಿಯಂ ಆಂಪೂಲ್ ತರಲು ಹೇಳಿದರು. ಸಣ್ಣ ಸಿರಿಂಜಿನಲ್ಲಿ, ನಾಡಿಯ ಮೇಲೆ ಬೆರಳಿಟ್ಟುಕೊಂಡು, ಎಷ್ಟು ನಿಧಾನವಾಗಿ ಕೊಟ್ಟರೆಂದರೆ ನಿಂತು ನೋಡುತ್ತಿದ್ದವರಿಗೆ ಸಿರಿಂಜು ಇಳಿಯುತ್ತಿದೆಯೋ ಇಲ್ಲವೋ ಅನ್ನಿಸುತ್ತಿತ್ತು. ನಾನು ಪರದೆಯ ಹೊರಗಿದ್ದೆ. ಮೊದಲು ಕೂಗುವ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಸಕೀನಾ ಬೀ ಹೊರಗೆ ಬಂದು, ತಮ್ಮ ಕೈಯನ್ನು ಮುಚ್ಚಿ, ಬಿಚ್ಚಿ ನನಗೆ ತೋರಿಸಿದರು.

ಆಮೇಲೆ ಲೇಡಿ ಡಾಕ್ಟರು ಕಾಫಿ ತರಿಸಿ ಕೇಳಿದರು, "ನಿಮಗೆ ಹೇಗೆ ಗೊತ್ತಾಯ್ತು?"

"ನಮ್ಮಲ್ಲೂ ಇದೆ ಮೇಡಂ. ಆದ್ರೆ ಒಂದು ವಿಷಯ ನನಗೆ ಬಗೆಹರಿದಿಲ್ಲ. ಕ್ಯಾಲ್ಸಿಯಂ ಇಲ್ದಿದ್ರೆ ಮನುಷ್ಯರು ಸೆಟೆದುಕೊಳ್ತಾರೆ, ನಾಯೀನೂ ಸೆಟೆದುಕೊಳ್ಳುತ್ತೆ. ಹಸು ಮಾತ್ರ ಜೋತುಬೀಳುತ್ತೆ. ಕೊರತೆ ಒಂದೇ. ಎರಡು ಥರ ಯಾಕೆ?"

ಅವರು ಕಾಫಿ ಲೋಟ ಕೆಳಗಿಟ್ಟು ಯೋಚನೆ ಮಾಡಿ, "ಹಸು ಜೋತುಬೀಳುತ್ತೆ ಅನ್ನೋದೇ ನನಗೆ ಇವತ್ತು ಗೊತ್ತಾಗಿದ್ದು" ಅಂದರು.

ಶಿಡ್ಲಘಟ್ಟಕ್ಕೆ ಬರುವ ಹೊತ್ತಿಗೆ ನನ್ನ ಕೈಗೆ ಈ ಕೆಲಸ ಚೆನ್ನಾಗಿ ಒಗ್ಗಿತ್ತು. ಶ್ರೀಕಂಠಯ್ಯನವರೂ ಪಂಪು ಬಿಟ್ಟು ಬಾಟ್ಲಿ ಹಿಡಿದಿದ್ದರು. ಬರೀ ಹಿಡಿದಿರಲಿಲ್ಲ, ಅದರ ಮೇಲೆ ಅವರಿಗೆ ಮೋಹವೇ ಬಂದಿತ್ತು. ಸತ್ತಂತೆ ಬಿದ್ದ ಹಸು ಹತ್ತಾರು ಜನರೆದುರು ಎದ್ದು ನಿಲ್ಲುವುದನ್ನು ನೋಡಿದರೆ ಅವರ ಮುಖ ಅರಳುತ್ತಿತ್ತು. ಒಂದು ದಿನ ನಮ್ಮ ಸಹಾಯಕ್ಕೆ ಹೊಸದಾಗಿ ಸೇರಿದ ಸ್ಟಾಕ್‌ಮನ್‌ಗಳಿಗೆ ಕೆಲಸ ತೋರಿಸಲು ಅವರನ್ನೆಲ್ಲ ಜೀಪಿನಲ್ಲಿ ಕರೆದುಕೊಂಡು ಬಂದಿದ್ದರು. ಅದೇ ಹೊತ್ತಿಗೆ ಊರಾಚೆಯ ಒಂದು ಹಳ್ಳಿಯಿಂದ ಗಂಗುಲಮ್ಮ ಎಂಬುವರ ಹಸು ನೆಲ ಹಿಡಿದಿದೆ ಅಂತ ಆಳು ಬಂದ.

ಗಂಗುಲಮ್ಮನನ್ನು ನಾನು ಮೊದಲೇ ಬಲ್ಲೆ. ಹಿಪ್ಪುನೇರಳೆ ತೋಟ, ಮನೆ ತುಂಬ ರೇಷ್ಮೆಹುಳುವಿನ ತಟ್ಟೆಗಳು. ಗಂಡ ಗೂಡು ತೆಗೆದುಕೊಂಡು ಮಾರ್ಕೆಟ್ಟಿಗೆ ಹೋದರೆ ಮನೆ, ತೋಟ, ದನ ಎಲ್ಲ ಆಕೆಯದೇ. ಆ ಸಿಂಧಿ ಹಸುವನ್ನು ಕರುವಾಗಿದ್ದಾಗಿನಿಂದ ಸಾಕಿದ್ದರು. ನಾವು ಹೋದಾಗ ಹುಳುವಿಗೆ ಸೊಪ್ಪು ಹಾಕುವುದನ್ನು ಬಿಟ್ಟು ಬಂದು ಹಸುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಎರಡು ದಿನದ ಹೆಣ್ಣುಕರು ಪಕ್ಕದಲ್ಲಿ ಕಟ್ಟಿತ್ತು.

ಶ್ರೀಕಂಠಯ್ಯನವರು ಸ್ಟಾಕ್‌ಮನ್‌ಗಳನ್ನು ಅರ್ಧಚಂದ್ರದ ಹಾಗೆ ನಿಲ್ಲಿಸಿ, "ನೋಡ್ತಾ ಇರಿ, ಬಾಟ್ಲಿ ಮುಗಿಯೋದ್ರೊಳಗೆ ಏಳುತ್ತೆ" ಅಂದರು. ಸೂಜಿ ಅವರೇ ಹಾಕಿದರು. ನನಗೆ ಸ್ಟೆತಾಸ್ಕೋಪ್ ಇಟ್ಟು ಎದೆ ಕೇಳಲು ಹೇಳಿದರು. ಮೊದಮೊದಲು ಬಡಿತ ಸಣ್ಣಗೆ, ಬೇಗಬೇಗ ಇತ್ತು. ಔಷಧ ಇಳಿದಂತೆ ಗಟ್ಟಿಯಾಯಿತು, ನಿಧಾನವಾಯಿತು. ಅದು ಸರಿಯಾದದ್ದೇ. ಹಸು ತೇಗಿತು. ಸ್ಟಾಕ್‌ಮನ್‌ಗಳಲ್ಲಿ ಯಾರೋ ಸಂತೋಷದಿಂದ ಕೂಗಿದ. ಆಗ ಶ್ರೀಕಂಠಯ್ಯನವರು ಬಾಟ್ಲಿಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದರು.

ನನ್ನ ಕಿವಿಯಲ್ಲಿ ಒಂದು ಬಡಿತ ತಪ್ಪಿತು. ಇನ್ನೊಂದು ತಪ್ಪಿತು.

"ಸಾರ್, ಬಾಟ್ಲಿ ಇಳಿಸಿ."

"ಏಳ್ತಾ ಇದೆ ಕಣಯ್ಯ, ಸುಮ್ನಿರು."

"ಎದೆ ತಪ್ತಾ ಇದೆ ಸಾರ್, ಇಳಿಸಿ!"

ನಾನು ಕೊಳವೆಯನ್ನು ಬೆರಳಲ್ಲಿ ಅದುಮಿ ಹಿಡಿದೆ. ಅವರು ನನ್ನ ಕೈಯನ್ನು ತಳ್ಳಿದರು. ಜನರೆದುರು ಕೈ ಹಾಕಿದೆ ಅಂತ ಅವರಿಗೆ ಸಿಟ್ಟು. ನಾನು ಮತ್ತೆ ಹಿಡಿದು ಸೂಜಿಯನ್ನೇ ಕಿತ್ತೆ. ಅಷ್ಟರಲ್ಲಿ ಹಸು ಕತ್ತು ನೀಳವಾಗಿ ಚಾಚಿ, ಒಂದು ಸಲ ಕೂಗಿ, ನಾಲ್ಕೂ ಕಾಲನ್ನು ಸೆಟೆಸಿತು. ಸ್ಟೆತಾಸ್ಕೋಪ್ ಇನ್ನೂ ನನ್ನ ಕಿವಿಯಲ್ಲಿತ್ತು. ಒಳಗೆ ಏನೂ ಕೇಳಿಸಲಿಲ್ಲ. ಎದೆಯ ಮೇಲೆ ಮಂಡಿಯೂರಿ ಒತ್ತಿದೆ, ಗುದ್ದಿದೆ. ಪ್ರಯೋಜನವಾಗಲಿಲ್ಲ.

"ಸಚ್ಚಿಪೋಯಿಂದಾ ಸ್ವಾಮಿ?" ಎಂದರು ಗಂಗುಲಮ್ಮ. ಸತ್ತುಹೋಯಿತಾ ಎಂದು. ತಲೆ ಇನ್ನೂ ಅವರ ತೊಡೆಯ ಮೇಲೇ ಇತ್ತು.

ಶ್ರೀಕಂಠಯ್ಯನವರ ಕೈಯಲ್ಲಿದ್ದ ಬಾಟ್ಲಿಯಿಂದ ಉಳಿದ ಔಷಧ ನೆಲಕ್ಕೆ ಸುರಿಯುತ್ತಿತ್ತು. ಅವರು ಏನು ಹೇಳುತ್ತಾರೋ ಎಂದು ಎಲ್ಲರೂ ನೋಡುತ್ತಿದ್ದರು. ಕಾಯಿಲೆ ಬಲವಾಗಿತ್ತು, ತಡವಾಗಿ ಕರೆಸಿದಿರಿ, ಹೀಗೆ ಹೇಳಿದ್ದರೆ ಆ ಕೊಟ್ಟಿಗೆಯಲ್ಲಿ ಅಲ್ಲ ಅನ್ನುವವರು ಯಾರೂ ಇರಲಿಲ್ಲ. ನಾನೂ ಬಾಯಿ ಮುಚ್ಚಿಕೊಂಡಿರಬೇಕಾಗುತ್ತಿತ್ತು. ಅವರು ಟೋಪಿ ತೆಗೆದರು. ಗಂಗುಲಮ್ಮನ ಎದುರು ಕುಕ್ಕರಗಾಲಲ್ಲಿ ಕೂತು, ತಮಗೆ ಬರುತ್ತಿದ್ದ ಅರೆಬರೆ ತೆಲುಗನ್ನು ಬಿಟ್ಟು ಕನ್ನಡದಲ್ಲೇ ಹೇಳಿದರು:

"ಕಾಯಿಲೆಯಿಂದ ಸತ್ತಿಲ್ಲಮ್ಮ. ನಾನು ಔಷಧ ಬೇಗ ಬಿಟ್ಟೆ, ಅದಕ್ಕೆ ಸತ್ತಿದ್ದು. ಇವರು ಬೇಡ ಅಂದ್ರು, ನಾನು ಕೇಳಲಿಲ್ಲ."

ಗಂಗುಲಮ್ಮ ಹಸುವಿನ ತಲೆಯನ್ನು ಮೆಲ್ಲಗೆ ನೆಲಕ್ಕಿಟ್ಟು ಎದ್ದು, ಕರುವನ್ನು ಬಿಚ್ಚಿಕೊಂಡು ಮನೆಯೊಳಗೆ ಹೋದರು. ಬಾಗಿಲು ಹಾಕಿಕೊಂಡರು.

ಜೀಪಿನಲ್ಲಿ ವಾಪಸು ಬಂದೆವು. ನನ್ನ ಬಾಗಿಲಲ್ಲಿ ಇಳಿಸುವಾಗ ಶ್ರೀಕಂಠಯ್ಯನವರು, "ಬೇಗ ಕೊಡಬಾರದು ಅಂತ ನನಗೂ ಗೊತ್ತಿತ್ತು. ಯಾಕೆ ಅಂತ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ಕೈ ಎತ್ತುತಾ ಇರಲಿಲ್ಲವೋ ಏನೋ" ಅಂದರು. ಅದಾದ ಮೇಲೆ ಅವರು ಒಂದು ಕಟ್ಟುಪಾಡು ಮಾಡಿದರು: ಕ್ಯಾಲ್ಸಿಯಂ ಕೊಡುವಾಗ ಒಬ್ಬರು ಬಾಟ್ಲಿ ಹಿಡಿಯಬೇಕು, ಇನ್ನೊಬ್ಬರು ಎದೆ ಕೇಳಬೇಕು, ಕೇಳುವವನು ನಿಲ್ಲಿಸು ಅಂದರೆ ಹಿಡಿದವನು ಎಷ್ಟೇ ದೊಡ್ಡ ಅಧಿಕಾರಿಯಾದರೂ ನಿಲ್ಲಿಸಬೇಕು. ಬೆಂಗಳೂರಿನಲ್ಲಿ ನಡೆಯುತ್ತಿದ್ದ ಒಂದು ತರಬೇತಿಗೆ ನನ್ನ ಹೆಸರನ್ನು ಕಳಿಸಿದ್ದೂ ಅವರೇ. ನನ್ನ ಸರದಿ ಬರುವಷ್ಟರಲ್ಲಿ ಅವರು ನಿವೃತ್ತರಾಗಿ ಚಿಕ್ಕಬಳ್ಳಾಪುರದಲ್ಲಿ ನೆಲೆಸಿದ್ದರು. ನಾನೂ ಅಲ್ಲಿಗೇ ವರ್ಗವಾಗಿದ್ದೆ. "ತಿಳ್ಕೊಂಡು ಬಂದು ನನಗೆ ಹೇಳು" ಎಂದರು.

ತರಬೇತಿಯಲ್ಲಿ ಒಬ್ಬ ಎಳೆಯ ಲೆಕ್ಚರರು ಪಾಠ ಮಾಡಿದರು. ಆಗಿನ್ನೂ ಅದೆಲ್ಲ ಹೊಸ ತಿಳಿವಳಿಕೆ. ಅವರು ಬೋರ್ಡಿನ ಮೇಲೆ ಒಂದು ಜೀವಕೋಶ ಬರೆದು, ಅದರ ಹೊರಗೆಲ್ಲ ಚುಕ್ಕಿಗಳನ್ನು ಇಟ್ಟರು. ಒಳಗೆ ಏನೂ ಇಡಲಿಲ್ಲ.

"ಈ ಚುಕ್ಕಿಗಳು ಕ್ಯಾಲ್ಸಿಯಂ. ರಕ್ತದಲ್ಲಿ, ಕೋಶದ ಹೊರಗೆ, ಬೇಕಾದಷ್ಟಿದೆ. ಕೋಶದ ಒಳಗಿನ ರಸದಲ್ಲಿ ಇಲ್ಲ ಅನ್ನುವಷ್ಟು ಕಡಿಮೆ. ಕೋಶ ಅದನ್ನ ಬಿಡುವಿಲ್ಲದೆ ಹೊರಗೆ ತಳ್ಳುತ್ತೆ, ಇಲ್ಲಾಂದ್ರೆ ತನ್ನೊಳಗಿನ ಸಣ್ಣ ಚೀಲಗಳಲ್ಲಿ ಕೂಡಿಹಾಕುತ್ತೆ. ಯಾಕೆ ಇಷ್ಟು ಕಷ್ಟ ಪಡುತ್ತೆ? ಸಂತೆಯಲ್ಲಿ ನಿಂತು ಕೂಗಿದ್ರೂ ಯಾರಿಗೂ ಕೇಳಲ್ಲ. ಸದ್ದಿಲ್ಲದ ಕೋಣೆಯಲ್ಲಿ ಪಿಸುಗುಟ್ಟಿದ್ರೂ ಕೇಳುತ್ತೆ. ಒಳಗೆ ಸದ್ದಿಲ್ಲದ ಹಾಗೆ ಇಟ್ಕೊಂಡಿರೋದ್ರಿಂದ, ಸ್ವಲ್ಪ ಕ್ಯಾಲ್ಸಿಯಂ ಒಳಗೆ ಬಂದ್ರೂ ಅದು ಸುದ್ದಿಯಾಗುತ್ತೆ."

ನರದಿಂದ ಅಪ್ಪಣೆ ಬಂದಾಗ ಮಾಂಸಖಂಡದ ಕೋಶದೊಳಗಿನ ಚೀಲಗಳು ಬಾಯಿ ತೆರೆಯುತ್ತವೆ, ಕ್ಯಾಲ್ಸಿಯಂ ಹರಡುತ್ತದೆ, ಖಂಡ ಬಿಗಿಯುತ್ತದೆ. ಚೀಲಗಳು ಅದನ್ನು ಮತ್ತೆ ಹೀರಿಕೊಂಡಾಗ ಸಡಿಲವಾಗುತ್ತದೆ. ಕಾಲಿನ ಖಂಡಕ್ಕೆ ತನ್ನ ಚೀಲದೊಳಗಿನ ದಾಸ್ತಾನೇ ಸಾಕು. ಹೃದಯಕ್ಕೆ ಸಾಲದು, ಪ್ರತಿ ಬಡಿತಕ್ಕೂ ಹೊರಗಿನಿಂದ ಸ್ವಲ್ಪ ಒಳಗೆ ಬರಬೇಕು. ಮೇಷ್ಟ್ರು ಪರೀಕ್ಷೆಗೆ ಬರಲ್ಲ ಅಂದಿದ್ದ ಪ್ರಶ್ನೆಗೆ ಹೀಗೆ ಉತ್ತರ ಸಿಕ್ಕಿತು.

ನಾನು ಎದ್ದು ನಿಂತು, ಸೆಟೆದುಕೊಂಡ ಕೈಯನ್ನೂ ಜೋತುಬಿದ್ದ ಹಸುವನ್ನೂ ಹೇಳಿ, ಹಳೆಯ ಪ್ರಶ್ನೆ ಕೇಳಿದೆ. ಅವರು ಸೀಮೆಸುಣ್ಣ ಕೆಳಗಿಟ್ಟರು.

"ರಕ್ತದ ಕ್ಯಾಲ್ಸಿಯಂ ನರಕ್ಕೆ ಎರಡು ಕೆಲಸ ಮಾಡುತ್ತೆ. ನರದ ಮೈ ಅಲ್ಲಾಡದ ಹಾಗೆ ಹಿಡಿದಿರುತ್ತೆ, ಅದು ಕಡಿಮೆಯಾದ್ರೆ ನರ ಅಪ್ಪಣೆ ಇಲ್ದೇನೇ ತಂತಾನೇ ಮಿಡಿಯುತ್ತೆ. ನರದ ತುದಿಯಲ್ಲಿ ಇನ್ನೊಂದು ಕೆಲಸ. ಅಲ್ಲಿ ಕ್ಯಾಲ್ಸಿಯಂ ಒಳಗೆ ಬಂದ್ರೇನೇ ನರದ ಮಾತು ಖಂಡಕ್ಕೆ ದಾಟೋದು. ಮನುಷ್ಯರಲ್ಲಿ, ನಾಯಿಯಲ್ಲಿ ಮೊದಲನೇ ಕೆಡುಕು ಎದ್ದು ಕಾಣುತ್ತೆ, ಅದಕ್ಕೆ ಸೆಟೆಯೋದು. ಹಸುವಿನಲ್ಲಿ ಎರಡನೇದು. ನರ ಮಿಡಿದ್ರೂ ಮಾತು ದಾಟಲ್ಲ. ಹಸುವಿನಲ್ಲೇ ಹಾಗೆ ಯಾಕೆ ಅಂದ್ರೆ, ಪೂರ್ತಿ ಗೊತ್ತಿಲ್ಲ ಸಾರ್."

ಗೊತ್ತಿಲ್ಲ ಅಂದದ್ದಕ್ಕೆ ನನಗೆ ಅವರ ಮೇಲೆ ಗೌರವ ಹೆಚ್ಚಾಯಿತು. ಜೊಲ್ಲು ಊರುವುದು, ಕರುಳು ಚಲಿಸುವುದು, ಮೊಟ್ಟೆಗೆ ವೀರ್ಯಾಣು ಸೇರಿದಾಗ ಅದು ಬೆಳೆಯಲು ಎಚ್ಚರಗೊಳ್ಳುವುದು, ಇವೆಲ್ಲಕ್ಕೂ ಕೋಶದೊಳಗೆ ಇದೇ ಕ್ಯಾಲ್ಸಿಯಂ ಏರಿ ಇಳಿಯಬೇಕು ಎಂಬುದನ್ನು ನಾನು ಓದಿದ್ದು ನಿವೃತ್ತನಾದ ಮೇಲೆ. ಈಗ ನೀವು ಇದನ್ನೆಲ್ಲ ಕಾಲೇಜಿನಲ್ಲೇ ಕಲಿತು ಬರುತ್ತೀರಿ. ಕಲಿತದ್ದನ್ನು ಕೊಟ್ಟಿಗೆಗೂ ತೆಗೆದುಕೊಂಡು ಹೋಗಿ ಅಂತ ಮಾತ್ರ ಹೇಳುತ್ತೇನೆ.

ಚಿಕ್ಕಬಳ್ಳಾಪುರಕ್ಕೆ ವಾಪಸು ಬಂದ ಮೊದಲ ಭಾನುವಾರ ಶ್ರೀಕಂಠಯ್ಯನವರ ಮನೆಗೆ ಹೋದೆ. ಜಗಲಿಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ತಮ್ಮ ಕೈಯನ್ನು ಮುಷ್ಟಿ ಕಟ್ಟಿ ನೋಡುತ್ತಾ ಅಂದರು:

"ಹಂಗಾದ್ರೆ ಆ ಹಸುವಿನ ಎದೆ ಬಿಗಿದಿದ್ದು ಬಿಡೋಕೇ ಆಗಲಿಲ್ಲ ಅನ್ನು. ಒಳಗೆ ಬಂದಿದ್ದನ್ನ ಹೊರಗೆ ತಳ್ಳೋಕೆ ಪುರಸೊತ್ತೇ ಕೊಡಲಿಲ್ಲ ನಾನು."

"ಹೌದು ಸಾರ್. ಅಷ್ಟರಲ್ಲಿ ಲಯವೂ ಕೆಟ್ಟಿತ್ತು."

"ನೋವಾಗಿರುತ್ತಾ?"

"ಬಹಳ ಹೊತ್ತು ಇರಲ್ಲ ಸಾರ್."

ಅವರು ಮುಷ್ಟಿ ಬಿಚ್ಚಿದರು. "ನಾಳೆ ರಜ ಹಾಕ್ತೀಯಾ? ಶಿಡ್ಲಘಟ್ಟಕ್ಕೆ ಹೋಗಣ. ಆ ಯಮ್ಮನಿಗೆ ಸತ್ತಿದ್ದು ನನ್ನಿಂದ ಅಂತ ಹೇಳಿದೀನಿ. ಹೇಗೆ ಅಂತ ಹೇಳಿಲ್ಲ."

ಅದನ್ನು ಕೇಳಿ ಗಂಗುಲಮ್ಮನಿಗೆ ಏನಾಗಬೇಕು ಅನ್ನಿಸಿತು ನನಗೆ. ಆದರೂ ಹೋದೆವು. ಬಸ್ಸಿನಲ್ಲಿ ಅವರು ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ವಯಸ್ಸಾಗಿತ್ತು, ಮೀಸೆ ಬೋಳಿಸಿದ್ದರು. ಗಂಗುಲಮ್ಮ ಮೊದಲು ಅವರನ್ನು ಗುರುತಿಸಲಿಲ್ಲ. ಗುರುತಿಸಿದ ಮೇಲೆ ಚಾಪೆ ಹಾಕಿ ಕೂರಿಸಿದರು, ಕಾಫಿ ಕೊಟ್ಟರು. ಶ್ರೀಕಂಠಯ್ಯನವರು ಮುಷ್ಟಿ ಮುಚ್ಚಿ ಬಿಚ್ಚಿ, ಎದೆ ಹೇಗೆ ಕೆಲಸ ಮಾಡುತ್ತದೆ, ಆವತ್ತು ಯಾಕೆ ನಿಂತಿತು ಎಂದು ತಾವೇ ವಿವರಿಸಿದರು. ತಡವರಿಸಿದ ಕಡೆ ನಾನು ತೆಲುಗಿನಲ್ಲಿ ಸೇರಿಸಿದೆ. ಗಂಗುಲಮ್ಮ ಮಡಿಲಲ್ಲಿದ್ದ ರೇಷ್ಮೆಗೂಡುಗಳ ಮೇಲಿನ ಎಳೆಎಳೆ ಜುಂಗು ಬಿಡಿಸುತ್ತಾ ಕೇಳಿದರು.

"ಅಷ್ಟು ದೂರದಿಂದ ಇದನ್ನ ಹೇಳೋಕೆ ಬಂದ್ರಾ?" ಎಂದರು ಕೊನೆಗೆ.

"ಹೌದಮ್ಮ."

ಗಂಗುಲಮ್ಮ ಎದ್ದು, ಬನ್ನಿ ಅಂತ ನಮ್ಮನ್ನು ಕೊಟ್ಟಿಗೆ ಕಡೆ ಕರೆದರು. ಒಂದು ಕೆಂಪು ಕಡಸು ನಿಂತಿತ್ತು. ಕಣ್ಣು, ಕೊಂಬು ಎಲ್ಲ ಸತ್ತ ಹಸುವಿನದೇ. ತುಂಬು ಗಬ್ಬ.

"ಆವತ್ತು ಎರಡು ದಿನದ್ದಾಗಿತ್ತಲ್ಲ, ಅದೇ. ಪಕ್ಕದ ಮನೆ ಹಸೂಗೆ ಬಿಟ್ಟು ಬೆಳೆಸಿದೆ. ಈ ತಿಂಗಳು ಈಯುತ್ತೆ. ಅಮ್ಮನಿಗೆ ಬಂದಿದ್ದು ಇದಕ್ಕೂ ಬರುತ್ತಾ?"

"ಮೊದಲ ಕರುಗೆ ಬರೋದು ಕಡಿಮೆ. ಮುಂದಕ್ಕೆ ಬಂದ್ರೂ ಬರಬಹುದು" ಎಂದೆ.

"ಬಂದ್ರೆ ಯಾರು ಬರ್ತೀರಿ?"

"ನಾನೇ ಬರ್ತೀನಿ ತಾಯಿ, ಹೇಳಿಕಳಿಸಿ" ಅಂದುಬಿಟ್ಟರು ಶ್ರೀಕಂಠಯ್ಯನವರು. ರಿಟೈರಾಗಿರುವುದನ್ನು ಮರೆತಿದ್ದರು.

ಗಂಗುಲಮ್ಮ ಅವರ ಮುಖವನ್ನು ನೋಡಿದರು. ಆಮೇಲೆ ನನ್ನ ಮುಖವನ್ನು ನೋಡಿದರು. ಕಡಸಿನ ಬೆನ್ನಿನ ಮೇಲೆ ಕೈಯಿಟ್ಟುಕೊಂಡೇ ಹೇಳಿದರು:

"ನೀವೂ ಬನ್ನಿ ಸ್ವಾಮಿ, ಬೇಡ ಅನ್ನಲ್ಲ. ಬಾಟ್ಲಿ ಮಾತ್ರ ಇವರ ಕೈಲಿರಲಿ."

"ಆಗಲಮ್ಮ" ಎಂದರು ಶ್ರೀಕಂಠಯ್ಯನವರು.